ಎಂಟು ಗಂಟೆಯ ಮದ್ದು

ಬಹಳ ದಿನ ಆಯಿತು ಈ ಕಡೆ ಏನೂ ಬರೆಯದೆ. ಆಫೀಸಿನಲ್ಲಿ ರಿಲೀಸ್ ಗಡಿಬಿಡಿ ಅಂತ ನೆಪ ಹೇಳಬಹುದು, ಆದರೆ ನಿಜ ಬೇರೆ. ಕಳೆದ ಮೂರು ವಾರದಿಂದ ರಾತ್ರಿ ಹೊತ್ತು ಕೂತು ಕಿಡ್ನಿಯ ಬಗ್ಗೆ ಓದುತ್ತಾ ಇದ್ದೇನೆ. ಓದಿದ್ದನ್ನು ಒಂದು ಕಡೆ ಬರೆದಿಡದಿದ್ದರೆ ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಈ ಉದ್ದದ ಬರಹ. ಸ್ವಲ್ಪ ತಾಳ್ಮೆಯಿಂದ ಓದಿ...

ನಮ್ಮೂರು ಕಕ್ಕಿಂಜೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಬೆಳ್ತಂಗಡಿ, ಉಜಿರೆ, ಮುಂಡಾಜೆ ದಾಟಿ ಚಾರ್ಮಾಡಿ ಘಾಟಿ ಹತ್ತುವ ಮೊದಲು ಸಿಗುವ ಸಣ್ಣ ಪೇಟೆ. ಧರ್ಮಸ್ಥಳ ನೋಡಿಕೊಂಡು ಚಿಕ್ಕಮಗಳೂರಿನ ಕಡೆ ಹೊರಟವರು ನಿದ್ದೆಯಲ್ಲಿ ದಾಟಿರುತ್ತೀರಿ :-)

ಅಲ್ಲಿಂದ ಅಮ್ಮನ ಫೋನು ಬಂತು.

"ಮಾವನ ರಿಪೋರ್ಟ್ ಬಂತು ಮಾರಾಯ. ಕ್ರಿಯಾಟಿನಿನ್ ಮತ್ತೂ ಜಾಸ್ತಿ ಆಗಿದೆಯಂತೆ. ಕಿಡ್ನಿ ಎರಡೂ ಸೋಲ್ತಾ ಉಂಟು ಅಂತ ಡಾಕ್ಟ್ರು ಹೇಳಿದ್ರಂತೆ. ಅಲ್ಲ, ಹಾಳಾಗಿದ್ದದ್ದು ಲಿವರ್. ಅದನ್ನು ಬದಲಾಯಿಸಿ ಆಯ್ತಲ್ಲ. ಈಗ ಕಿಡ್ನಿ ಎಂತಕ್ಕೆ ಹೋಗುವುದು? ನೀನು ಇಂಜಿನಿಯರ್ ಅಲ್ವಾ, ಸ್ವಲ್ಪ ನೋಡಿ ಹೇಳು."

ಇಂಜಿನಿಯರ್ ಆದವನಿಗೆ ಮಿಕ್ಸಿಯಿಂದ ಮೂತ್ರಪಿಂಡದವರೆಗೆ ಎಲ್ಲ ಗೊತ್ತಿರಬೇಕು ಅಂತ ಅಮ್ಮನ ನಂಬಿಕೆ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ಮಾವ ಅಂದರೆ ಅಮ್ಮನ ಅಣ್ಣ. ಹೆಪಟೈಟಿಸ್ ಬಿ ಯಿಂದ ಲಿವರ್ ಪೂರ್ತಿ ಕೆಟ್ಟು, 2016ರಲ್ಲಿ ಬೆಂಗಳೂರಿನಲ್ಲಿ ಅವರಿಗೆ ಕಸಿ ಆಯಿತು. ಲಿವರಿನ ಒಂದು ಭಾಗ ಕೊಟ್ಟದ್ದು ಅವರ ಮಗ, ನನ್ನ ಭಾವ. ಲಿವರ್ ಮತ್ತೆ ಬೆಳೆಯುತ್ತದೆ, ಭಾವ ಈಗ ಆರಾಮಾಗಿ ತೋಟ ನೋಡಿಕೊಂಡಿದ್ದಾನೆ. ಮಾವನೂ ಆರಾಮಾಗಿಯೇ ಇದ್ದರು. ಒಂದೇ ಒಂದು ಕಟ್ಟುನಿಟ್ಟು: ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಾತ್ರೆ. ಅವರ ಮೊಬೈಲಿನ ಅಲಾರಾಂ ಚೆಂಡೆಯ ಪೆಟ್ಟು. ಮದುವೆ ಮನೆಯಾಗಲಿ, ಆಟದ ಬಯಲಾಗಲಿ, ಎಂಟಕ್ಕೆ ಚೆಂಡೆ ಬಡಿದರೆ ಮಾವ ಜೇಬಿಗೆ ಕೈ ಹಾಕುತ್ತಾರೆ.

ಅಮ್ಮನ ಪ್ರಶ್ನೆಗೆ ಉತ್ತರ ಬಹುಪಾಲು ಆ ಮಾತ್ರೆಯಲ್ಲೇ ಇತ್ತು.

ಕಿಡ್ನಿಯೇ ಯಾಕೆ ಮೊದಲು?

ಅಂಗಾಂಗ ಕಸಿಯ ಚರಿತ್ರೆಯನ್ನು ಯಾವ ತುದಿಯಿಂದ ಹಿಡಿದರೂ ಮೊದಲು ಸಿಗುವುದು ಕಿಡ್ನಿ. ಕಿಡ್ನಿ ಎರಡಿದೆ, ಒಂದನ್ನು ಕೊಟ್ಟವರು ಬದುಕಬಹುದು. ಜೋಡಿಸಲು ಮುಖ್ಯವಾಗಿ ಒಂದು ಅಪಧಮನಿ, ಒಂದು ಅಭಿಧಮನಿ, ಒಂದು ಮೂತ್ರನಾಳ ಸಾಕು. ಜೊತೆಗೆ, ನೆದರ್ಲೆಂಡ್ಸಿನ ವಿಲೆಮ್ ಕೋಲ್ಫ್ ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಡಯಾಲಿಸಿಸ್ ಯಂತ್ರವನ್ನು ರೋಗಿಗಳ ಮೇಲೆ ಬಳಸಲು ಶುರುಮಾಡಿದ್ದರು. ಲಿವರಿಗೆ ಅಂಥ ಯಂತ್ರ ಇರಲಿಲ್ಲ.

ರಕ್ತನಾಳ ಹೊಲಿಯುವ ವಿದ್ಯೆ ಅದಕ್ಕಿಂತ ಹಳೆಯದು. ಫ್ರಾನ್ಸಿನ ಅಲೆಕ್ಸಿ ಕ್ಯಾರೆಲ್ 1902ರಲ್ಲಿ ಅದನ್ನು ತೋರಿಸಿ 1912ರಲ್ಲಿ ನೊಬೆಲ್ ಪಡೆದರು. 1933ರಲ್ಲಿ ಉಕ್ರೇನಿನ ಯೂರಿ ವೊರೊನಿ ಮೃತ ವ್ಯಕ್ತಿಯ ಕಿಡ್ನಿಯನ್ನು ರೋಗಿಯೊಬ್ಬಳಿಗೆ ಜೋಡಿಸಿದರು. ಎರಡು ದಿನಕ್ಕೆ ಆಕೆ ತೀರಿಕೊಂಡಳು. ಹೊಲಿಗೆ ಚೆನ್ನಾಗಿದ್ದರೂ ದೇಹ ಒಪ್ಪುವುದಿಲ್ಲ. ಯುದ್ಧದಲ್ಲಿ ಸುಟ್ಟುಕೊಂಡವರಿಗೆ ಚರ್ಮದ ಕಸಿ ಮಾಡುವುದನ್ನು ಅಭ್ಯಾಸ ಮಾಡಿದ ಬ್ರಿಟನ್ನಿನ ಪೀಟರ್ ಮೆಡವಾರ್, ಇದು ನಮ್ಮ ರೋಗನಿರೋಧಕ ವ್ಯವಸ್ಥೆಯದ್ದೇ ಕೆಲಸ ಎಂದು ತೋರಿಸಿದರು. ಹೊರಗಿನ ಅಂಗವನ್ನು ಅದು ಹೊರಗಿನ ರೋಗಾಣುವಿನಂತೆಯೇ ಕಂಡು ಮೇಲೆ ಬೀಳುತ್ತದೆ.

ಅಷ್ಟು ಗೊತ್ತಾದ ಮೇಲೆ ಒಂದು ಉಪಾಯ ಉಳಿಯಿತು. ದೇಹಕ್ಕೆ ವ್ಯತ್ಯಾಸವೇ ಗೊತ್ತಾಗದ ಹಾಗಿದ್ದರೆ? 1954ರ ಡಿಸೆಂಬರ್ 23ರಂದು ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅವರ ತಂಡ ರೊನಾಲ್ಡ್ ಹೆರಿಕ್ ಎಂಬವರ ಕಿಡ್ನಿಯನ್ನು ಅವರ ತದ್ರೂಪಿ ಅವಳಿ ರಿಚರ್ಡ್‌ಗೆ ಹಾಕಿತು. ರಿಚರ್ಡ್ ಎಂಟು ವರ್ಷ ಬದುಕಿದರು. ತನ್ನನ್ನು ನೋಡಿಕೊಂಡ ನರ್ಸ್ ಒಬ್ಬರನ್ನೇ ಮದುವೆಯಾದರು, ಮಕ್ಕಳೂ ಆದವು. ಕೊಟ್ಟ ರೊನಾಲ್ಡ್ ಬದುಕಿದ್ದು 2010ರವರೆಗೆ, 79 ವರ್ಷ. ಈ ಎರಡನೇ ಅಂಕಿಯನ್ನು ನಾನು ಎರಡು ಸಲ ಓದಿದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅವಳಿ ಇಲ್ಲದವರಿಗೆ

ಎಲ್ಲರಿಗೂ ತದ್ರೂಪಿ ಅವಳಿ ಎಲ್ಲಿ ಸಿಗುತ್ತಾರೆ? ದೇಹವನ್ನು ಸಮಾಧಾನ ಮಾಡುವ ಮದ್ದು ಬೇಕಿತ್ತು. 1960ರ ಆಸುಪಾಸು ಅಜಾಥಯೋಪ್ರಿನ್ ಬಂತು. 1962ರಲ್ಲಿ ಮರ್ರೆ ಅವರ ತಂಡ ಅದನ್ನು ಕೊಟ್ಟು, ಸಂಬಂಧವೇ ಇಲ್ಲದ ಮೃತ ವ್ಯಕ್ತಿಯ ಕಿಡ್ನಿ ವರ್ಷ ದಾಟಿ ಕೆಲಸ ಮಾಡುವಂತೆ ಮಾಡಿತು. ಮರುವರ್ಷ ಥಾಮಸ್ ಸ್ಟಾರ್ಜ್ಲ್ ಅದಕ್ಕೆ ಸ್ಟೆರಾಯ್ಡ್ ಸೇರಿಸಿದರು.

ಅಲ್ಲಿಂದ ಉಳಿದ ಅಂಗಗಳ ಸರದಿ. ಸ್ಟಾರ್ಜ್ಲ್ 1963ರಲ್ಲಿ ಲಿವರ್ ಕಸಿಗೆ ಕೈ ಹಾಕಿದರು. ರೋಗಿ ಉಳಿಯಲಿಲ್ಲ, ಅದರ ಹಿಂದೆ ಬಂದವರೂ ಉಳಿಯಲಿಲ್ಲ. 1967ರಲ್ಲಿ ಮೊದಲ ಸಲ ಯಶಸ್ಸು ಸಿಕ್ಕಿತು. ಅದೇ ವರ್ಷದ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಹೃದಯ ಕಸಿ ಮಾಡಿದರು. ರೋಗಿ ಬದುಕಿದ್ದು 18 ದಿನ. ಆದರೂ ಜಗತ್ತಿಗೆಲ್ಲ ಹುಚ್ಚು ಹಿಡಿಯಿತು. 1968ರ ಫೆಬ್ರವರಿಯಲ್ಲಿ ಮುಂಬೈನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಕೂಡ ಮಾಡಿದರು. ಆ ಒಂದೇ ವರ್ಷ ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ಹೃದಯ ಕಸಿಗಳಾದವು, ಹೆಚ್ಚಿನವರು ಬೇಗನೆ ತೀರಿಕೊಂಡರು. ಒಂದೊಂದೇ ಆಸ್ಪತ್ರೆ ಕೈ ಬಿಟ್ಟಿತು. ಸ್ಟ್ಯಾನ್‌ಫರ್ಡ್‌ನ ನಾರ್ಮನ್ ಶಮ್ವೇ ಅವರಂಥ ಕೆಲವರು ಮಾತ್ರ ಹಟ ಹಿಡಿದು ಮುಂದುವರಿಸಿದರು.

ನಾರ್ವೆಯ ಮಣ್ಣು

ಕತೆ ತಿರುಗಿದ್ದು ಒಂದು ಹಿಡಿ ಮಣ್ಣಿನಿಂದ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ನೌಕರರು ರಜೆಗೆ ಹೋದಲ್ಲಿಂದೆಲ್ಲ ಮಣ್ಣಿನ ಮಾದರಿ ತರುವ ಪದ್ಧತಿ ಇತ್ತು, ಹೊಸ ಆ್ಯಂಟಿಬಯಾಟಿಕ್ ಸಿಗಬಹುದು ಎಂಬ ಆಸೆಗೆ. ನಾರ್ವೆಯ ಹಾರ್ಡಾಂಗರ್‌ವಿಡ್ಡ ಎಂಬ ಪ್ರಸ್ಥಭೂಮಿಯಿಂದ ಬಂದ ಮಣ್ಣಿನ ಶಿಲೀಂಧ್ರದಲ್ಲಿ ಸೈಕ್ಲೋಸ್ಪೋರಿನ್ ಸಿಕ್ಕಿತು. ಆ್ಯಂಟಿಬಯಾಟಿಕ್ ಆಗಿ ಅದು ದೊಡ್ಡ ಪ್ರಯೋಜನಕ್ಕೆ ಬರಲಿಲ್ಲ. ಆದರೆ ಕಸಿಯ ಮೇಲೆ ಏರಿ ಹೋಗುವ ಬಿಳಿ ರಕ್ತಕಣಗಳನ್ನು ಮಾತ್ರ ಆರಿಸಿ ತಡೆಯುತ್ತಿತ್ತು. 1976ರಲ್ಲಿ ಜಾನ್ ಬೊರೆಲ್ ಇದನ್ನು ಪ್ರಕಟಿಸಿದರು. 1978ರಲ್ಲಿ ಕೇಂಬ್ರಿಡ್ಜ್‌ನ ರಾಯ್ ಕ್ಯಾಲ್ನ್ ಕಿಡ್ನಿ ಕಸಿಯಾದವರಿಗೆ ಕೊಟ್ಟರು. 1983ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಲಿವರ್, ಹೃದಯ ಎರಡೂ ಧೈರ್ಯದಿಂದ ಮಾಡುವ ಶಸ್ತ್ರಚಿಕಿತ್ಸೆಗಳಾದದ್ದು ಈ ಮದ್ದಿನಿಂದ.

ಈಗ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಅರ್ಥವಾಗುವ ಒಂದು ವಿಷಯ. ಕ್ಯಾಲ್ನ್ ಅವರ 1978ರ ವರದಿಯಲ್ಲೇ ಈ ಮದ್ದು ಕಿಡ್ನಿಗೆ ತೊಂದರೆ ಕೊಡುತ್ತದೆ ಎಂಬುದು ಕಂಡಿತ್ತು. ಆದರೆ ಅವರ ರೋಗಿಗಳಿಗೆ ಹಾಕಿದ್ದೇ ಕಿಡ್ನಿ. ಅದು ಸೋತರೆ ದೇಹ ತಿರಸ್ಕರಿಸಿದ್ದಾ, ಮದ್ದು ಕೆಡಿಸಿದ್ದಾ? ಎರಡು ಬದಲಾವಣೆ ಒಟ್ಟಿಗೆ ಹಾಕಿ ಸಿಸ್ಟಮ್ ಬಿದ್ದರೆ ಯಾವುದರಿಂದ ಬಿತ್ತು ಅಂತ ಹೇಗೆ ಹೇಳುವುದು?

ಅದನ್ನು ಬಿಡಿಸಿ ತೋರಿಸಿದ್ದು ಹೃದಯದ ರೋಗಿಗಳು. ಅವರಿಗೆ ಬೇರೆಯವರದ್ದು ಹೃದಯ ಮಾತ್ರ, ಕಿಡ್ನಿ ಅವರದ್ದೇ. ಅದನ್ನು ದೇಹ ತಿರಸ್ಕರಿಸುವ ಪ್ರಶ್ನೆಯೇ ಇಲ್ಲ. 1984ರಲ್ಲಿ ಸ್ಟ್ಯಾನ್‌ಫರ್ಡ್‌ನ ಬ್ರಯನ್ ಮಯರ್ಸ್ ಮತ್ತು ಜೊತೆಗಾರರು ವರ್ಷಕ್ಕಿಂತ ಹೆಚ್ಚು ಸೈಕ್ಲೋಸ್ಪೋರಿನ್ ತಗೊಂಡ ಹೃದಯ ಕಸಿಯವರನ್ನು, ಹಳೆಯ ಅಜಾಥಯೋಪ್ರಿನ್ ತಗೊಂಡವರ ಜೊತೆ ಹೋಲಿಸಿದರು. ಹೊಸ ಮದ್ದಿನವರ ಕಿಡ್ನಿ ರಕ್ತ ಸೋಸುವ ವೇಗ ಹಳೆಯವರ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಕೆಲವರ ಕಿಡ್ನಿ ಪೂರ್ತಿ ನಿಂತೇ ಹೋಗಿತ್ತು. ಹೃದಯ ಉಳಿಸಿದ ಮದ್ದೇ ಕಿಡ್ನಿಯನ್ನು ತಿಂದಿತ್ತು.

ಮಾವ ತಗೊಳ್ಳುವುದು ಸೈಕ್ಲೋಸ್ಪೋರಿನ್ ಅಲ್ಲ, ಟ್ಯಾಕ್ರೋಲಿಮಸ್. ಅದೂ ಮಣ್ಣಿನದ್ದೇ, 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ್ದು. 1994ರಲ್ಲಿ ಅಮೆರಿಕದಲ್ಲಿ ಲಿವರ್ ಕಸಿಗೆ ಒಪ್ಪಿಗೆಯಾಯಿತು. ಸೈಕ್ಲೋಸ್ಪೋರಿನ್‌ಗಿಂತ ಜೋರು. ಆದರೆ ಎರಡೂ ಹಿಡಿಯುವುದು ಜೀವಕೋಶದೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಒಂದೇ ಕಿಣ್ವವನ್ನು. ಹಾಗಾಗಿ ತೊಂದರೆಯೂ ಒಂದೇ ಜಾತಿಯದ್ದು. ಕಿಡ್ನಿಯೊಳಗೆ ರಕ್ತ ತರುವ ಸಣ್ಣ ನಾಳಗಳು ಬಿಗಿಯುತ್ತವೆ. ತೋಟಕ್ಕೆ ನೀರು ಬರುವ ಕಣಿ ಕಿರಿದಾದರೆ ಹೇಗೆ? ಮೊದಮೊದಲು ಏನೂ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಆದಾಗ ಅಲ್ಲಲ್ಲಿ ಒಣಗಿದ ಪಟ್ಟೆ ಕಾಣುತ್ತದೆ.

ಇದು ಎಷ್ಟು ಜನರಿಗೆ ಆಗುತ್ತದೆ? 2003ರಲ್ಲಿ ಅಕಿನ್ಲೊಲು ಓಜೊ ಎಂಬ ವೈದ್ಯರು ಮತ್ತು ಜೊತೆಗಾರರು ಅಮೆರಿಕದ ದೊಡ್ಡ ಲೆಕ್ಕ ಕೊಟ್ಟರು. 1990ರಿಂದ 2000ದವರೆಗೆ ಕಿಡ್ನಿ ಬಿಟ್ಟು ಬೇರೆ ಅಂಗದ ಕಸಿಯಾದ 69,321 ಮಂದಿ. ಸುಮಾರು ಮೂರು ವರ್ಷದೊಳಗೆ ಅವರಲ್ಲಿ ಶೇ. 16.5 ಮಂದಿಗೆ ದೀರ್ಘಕಾಲದ ಕಿಡ್ನಿ ವೈಫಲ್ಯ. ಲಿವರಿನವರಲ್ಲಿ ಐದು ವರ್ಷಕ್ಕೆ ಶೇ. 18ರಷ್ಟು, ಹೃದಯದವರಲ್ಲಿ ಶೇ. 11ರಷ್ಟು. ಎಲ್ಲ ಮದ್ದಿನ ತಪ್ಪಲ್ಲ ಅನ್ನಿ. ವಯಸ್ಸು, ಸಕ್ಕರೆ ಕಾಯಿಲೆ, ಬಿ.ಪಿ., ಹೆಪಟೈಟಿಸ್ ಸಿ, ಆಪರೇಷನ್ ಹೊತ್ತಿನಲ್ಲೇ ಕಿಡ್ನಿಗೆ ಬಿದ್ದ ಪೆಟ್ಟು, ಇವೂ ಸೇರಿವೆ. ಇಂದು ಕೊಡುವ ಪ್ರಮಾಣವೂ ಆರಂಭದ ವರ್ಷಗಳಿಗಿಂತ ಬಹಳ ಕಡಿಮೆ.

ಇಷ್ಟನ್ನು ಮಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ: "ಹಾಗಾದರೆ ಮಾತ್ರೆ ಬಿಟ್ಟರೆ ಕಿಡ್ನಿ ಉಳೀತದಾ?"

ಎದೆ ಧಸಕ್ ಅಂದಿತು. "ಮಾವ, ಬಿಟ್ಟರೆ ಲಿವರ್ ಹೋಗ್ತದೆ. ಖಂಡಿತ ಬಿಡಬೇಡಿ. ಪ್ರಮಾಣ ಕಡಿಮೆ ಮಾಡಿ ಬೇರೆ ಮದ್ದು ಸೇರಿಸುವುದು ಉಂಟು, ಆದರೆ ಅದು ಡಾಕ್ಟ್ರೇ ಮಾಡಬೇಕು. ಮತ್ತೆ ಮೈಕೈ ನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಗೊಳ್ಳಬೇಡಿ, ಅದು ಕಿಡ್ನಿಗೆ ಇನ್ನೂ ಕೆಟ್ಟದ್ದು" ಅಂದೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಗೊತ್ತಾಯ್ತು. ಅಡಿಕೆಗೆ ಮದ್ದು ಬಿಟ್ಟ ಹಾಗೆ. ಬಿಡದಿದ್ದರೆ ಕೊಳೆರೋಗ ಬಂದು ಫಸಲು ಪೂರಾ ಉದುರ್ತದೆ. ಬಿಟ್ಟರೆ ಮೈಲುತುತ್ತು ವರ್ಷ ವರ್ಷ ಮಣ್ಣಿಗೆ ಸೇರ್ತದೆ." ನಾನು ಮೂರು ವಾರ ಓದಿದ್ದನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದರು.

ಮತ್ತೆ ಕಿಡ್ನಿಗೇ

ಹೀಗೆ ಕಿಡ್ನಿಯಿಂದ ಹೊರಟ ಕತೆ ಲಿವರ್, ಹೃದಯ ಸುತ್ತಿಕೊಂಡು ಮತ್ತೆ ಕಿಡ್ನಿಗೇ ಬಂದು ನಿಂತಿತು. ಒಮ್ಮೆ ಲಿವರೋ ಹೃದಯವೋ ಹಾಕಿಸಿಕೊಂಡವರಿಗೆ ಇನ್ನೊಮ್ಮೆ ಕಿಡ್ನಿ ಹಾಕಬಹುದಾ? ಹಾಕಬಹುದು, ಹಾಕುತ್ತಾರೆ. ಓಜೊ ಅವರ ಅದೇ ಲೆಕ್ಕದಲ್ಲಿ ಕಿಡ್ನಿ ಪೂರ್ತಿ ಸೋತವರ ಪೈಕಿ ಕಸಿ ಮಾಡಿಸಿಕೊಂಡವರಲ್ಲಿ ಸಾವಿನ ಅಪಾಯ ಡಯಾಲಿಸಿಸ್‌ನಲ್ಲೇ ಉಳಿದವರಿಗಿಂತ ಐದು ವರ್ಷದಲ್ಲಿ ಶೇ. 44ರಷ್ಟು ಕಡಿಮೆ ಇತ್ತು. ಕಸಿಗೆ ಆರಿಸಿದ್ದೇ ಸ್ವಲ್ಪ ಗಟ್ಟಿ ಇದ್ದವರನ್ನು ಎಂಬುದನ್ನೂ ನೆನಪಿಡಬೇಕು.

ಎರಡನೇ ಸಲದ ಕಷ್ಟಗಳು ಬೇರೆ. ಮೊದಲ ಕಸಿಯಿಂದ, ರಕ್ತ ಕೊಟ್ಟದ್ದರಿಂದ ದೇಹದಲ್ಲಿ ಪರಕೀಯರ ವಿರುದ್ಧ ಪ್ರತಿಕಾಯಗಳು ತಯಾರಾಗಿರಬಹುದು, ಹೊಂದುವ ಕಿಡ್ನಿ ಸಿಗುವುದು ಕಷ್ಟವಾಗಬಹುದು. ವರ್ಷಗಟ್ಟಲೆ ರೋಗನಿರೋಧಕ ಶಕ್ತಿ ತಗ್ಗಿಸಿಕೊಂಡವರಿಗೆ ಸೋಂಕಿನ ಭಯ ಹೆಚ್ಚು. ಮೊದಲು ಹಾಕಿದ ಅಂಗ ಗಟ್ಟಿಯಾಗಿದೆಯೇ ಎಂದೂ ನೋಡಬೇಕು. ಒಂದು ಅನುಕೂಲವೂ ಇದೆ: ಜೀವನಪೂರ್ತಿ ಮಾತ್ರೆ ಎಂಬ ಹೊರೆ ಹೊಸದಲ್ಲ, ಅದು ಹೇಗೂ ಇದೆ. ಇನ್ನೊಂದು ನನಗೆ ಆಶ್ಚರ್ಯವಾದ ಸಂಗತಿ. ಸಾಮಾನ್ಯವಾಗಿ ಹಳೆಯ ಕಿಡ್ನಿಗಳನ್ನು ತೆಗೆಯುವುದೇ ಇಲ್ಲ. ಹೊಸದನ್ನು ಹೊಟ್ಟೆಯ ಕೆಳಭಾಗದಲ್ಲಿ, ಸೊಂಟದ ಎಲುಬಿನ ಹತ್ತಿರ ಜೋಡಿಸುತ್ತಾರೆ.

ಅಮೆರಿಕದಲ್ಲಿ ಇಂಥವರ ಸಂಖ್ಯೆ ಬೆಳೆದು ನಿಯಮವೇ ಮಾಡಬೇಕಾಯಿತು. 2017ರಿಂದ, ಲಿವರ್ ಕಸಿಯಾಗಿ ಎರಡು ತಿಂಗಳಿಂದ ಒಂದು ವರ್ಷದೊಳಗೂ ಕಿಡ್ನಿ ಸೋತೇ ಇದ್ದರೆ ಅವರಿಗೆ ಮೃತ ದಾನಿಯ ಕಿಡ್ನಿಯಲ್ಲಿ ಆದ್ಯತೆ. 2023ರಲ್ಲಿ ಹೃದಯ, ಶ್ವಾಸಕೋಶದವರಿಗೂ ಇಂಥದ್ದೇ ವ್ಯವಸ್ಥೆ ಬಂತು.

ನಮ್ಮಲ್ಲಿ

ಭಾರತದ ಕತೆಯೂ ಕಿಡ್ನಿಯಿಂದಲೇ. 1965ರಲ್ಲಿ ಕೆ.ಇ.ಎಂ.ನಲ್ಲಿ ಮೊದಲ ಪ್ರಯತ್ನ, ರೋಗಿ ಉಳಿಯಲಿಲ್ಲ. 1971ರಲ್ಲಿ ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಯಶಸ್ಸು. ನಮ್ಮ ಕಡೆಯ ಹಿರಿಯರು ಯಾರದ್ದಾದರೂ ಕಾಯಿಲೆ ದೊಡ್ಡದು ಅನ್ನಲು "ವೆಲ್ಲೂರಿಗೆ ಹೋಗಿದ್ದಾರೆ" ಅನ್ನುತ್ತಿದ್ದರು. ಆಮೇಲಿನ ಎರಡು ದಶಕದಲ್ಲಿ ಬಡವರ ಕಿಡ್ನಿ ಮಾರಾಟದ ದಂಧೆ ಬೆಳೆದು, ಬೆಂಗಳೂರಿನ ಹೆಸರೂ ಕೆಟ್ಟು, 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯಿದೆ ಬಂತು. ಅದು ಮಾರಾಟ ನಿಷೇಧಿಸಿತು, ಜೊತೆಗೆ ಮಿದುಳು ನಿಷ್ಕ್ರಿಯವಾದರೆ ಅದೂ ಸಾವೇ ಎಂದು ಒಪ್ಪಿತು. ಅದೇ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಹೃದಯ ಕಸಿ ಮಾಡಿದರು. 1998ರಲ್ಲಿ ದೆಹಲಿಯಲ್ಲೇ 20 ತಿಂಗಳ ಮಗುವೊಂದಕ್ಕೆ ಅಪ್ಪನ ಲಿವರಿನ ಭಾಗ ಹಾಕಿ ಉಳಿಸಿದರು. ಆ ಮಗು ಬೆಳೆದು ಡಾಕ್ಟರೇ ಆದ.

ಲೆಕ್ಕ ಹಾಕಿ ನೋಡಿ. ಬೇರೆ ಕಡೆ 1984ರಲ್ಲೇ ಕಂಡ ತೊಂದರೆ ನಮ್ಮಲ್ಲಿ ತಡವಾಗಿ ಕಾಣುತ್ತಿದೆ, ಯಾಕೆಂದರೆ ಲಿವರ್, ಹೃದಯ ಹಾಕಿಸಿಕೊಂಡು ಹತ್ತಾರು ವರ್ಷ ಬದುಕಿದವರು ನಮ್ಮಲ್ಲಿ ಹೆಚ್ಚಾಗುತ್ತಿರುವುದು ಈಗ. ಮಾವನ ಕಿಡ್ನಿ ಸೋಲುತ್ತಿರುವುದಕ್ಕೆ ಒಂದು ಕಾರಣ, ಅವರ ಲಿವರ್ ಕಸಿ ಗೆದ್ದದ್ದು. ಇದನ್ನು ಅಮ್ಮನಿಗೆ ಹೇಗೆ ಹೇಳುವುದೋ ಗೊತ್ತಾಗಲಿಲ್ಲ. ಹೇಳಿದೆ.

ಅಮ್ಮ ಹೇಳಿದ್ದು: "ಅದು ಸರಿ. ಕಿಡ್ನಿ ತಂಗಿ ಕೊಡಬಹುದಾ?"

ಇಷ್ಟು ದಿನ ಅಮ್ಮ ಕೇಳುತ್ತಿದ್ದದ್ದು ಮಾವನ ಬಗ್ಗೆ ಅಂದುಕೊಂಡಿದ್ದೆ. ತನ್ನ ಬಗ್ಗೆ ಕೇಳುತ್ತಿದ್ದಳು.

ಕಾಯಿದೆ ತೆಗೆದು ಓದಿದೆ. ಹತ್ತಿರದ ಸಂಬಂಧಿಗಳು ಅಂದರೆ ಗಂಡ, ಹೆಂಡತಿ, ಮಗ, ಮಗಳು, ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ. 2011ರ ತಿದ್ದುಪಡಿಯಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳೂ ಸೇರಿದರು. ತಂಗಿ ಇದ್ದಾಳೆ. ಸೋದರಳಿಯ ಇಲ್ಲ. ಅವನು ಕೊಡಬೇಕಾದರೆ ಅಧಿಕಾರ ಸಮಿತಿಯ ಮುಂದೆ ಹೋಗಿ, ಹಣಕ್ಕಲ್ಲ, ಪ್ರೀತಿಗೆ ಅಂತ ಒಪ್ಪಿಸಬೇಕು.

ನಿಜ ಹೇಳುತ್ತೇನೆ. ಆ ಪಟ್ಟಿಯಲ್ಲಿ ನಾನಿಲ್ಲ ಅಂತ ಕಂಡಾಗ ಮೊದಲು ಆದದ್ದು ನೆಮ್ಮದಿ. ನಾಚಿಕೆಯಾದದ್ದು ಆಮೇಲೆ. ನನಗೆ ಇಪ್ಪತ್ತೆಂಟು, ಅಮ್ಮನಿಗೆ ಐವತ್ತಾರು. ನಮ್ಮ ದೇಶದಲ್ಲಿ ಬದುಕಿದ್ದಾಗ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು ಅಂತ ಓದಿ ಒಂದು ರಾತ್ರಿ ಬೇಜಾರು ಮಾಡಿಕೊಂಡಿದ್ದೆ. ನಮ್ಮ ಮನೆಯೂ ಅದೇ ಲೆಕ್ಕಕ್ಕೆ ಸೇರುತ್ತಾ ಇದೆ. ರೊನಾಲ್ಡ್ ಹೆರಿಕ್ 79 ವರ್ಷ ಬದುಕಿದ್ದನ್ನು ನಾನು ಎರಡು ಸಲ ಓದಿದ್ದು ಇದಕ್ಕೇ.

ಮೂರನೇ ದಾರಿ ಮೃತ ದಾನಿಯದ್ದು. ಕರ್ನಾಟಕದಲ್ಲಿ ಅದರ ಪಟ್ಟಿ ನೋಡಿಕೊಳ್ಳುವುದು 'ಜೀವಸಾರ್ಥಕತೆ' ಸಂಸ್ಥೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದ್ದು ನಿಮಗೆ ನೆನಪಿರಬಹುದು. ಆ ಸುದ್ದಿ ಓದಿದಾಗ ನಾನು ದಾನಿಯ ಕಡೆಯಿಂದ ಮಾತ್ರ ಯೋಚಿಸಿದ್ದೆ. ಈಗ ಪಟ್ಟಿಯ ಈ ತುದಿಯಲ್ಲಿ ನಿಂತವರು ಕಾಣುತ್ತಾರೆ. ಮಾವನ ಹೆಸರು ಅಲ್ಲಿ ಬರೆಸುವುದೆಂದು ಮಾತಾಗಿದೆ. ಕಾಯುವುದು ಎಷ್ಟು ವರ್ಷವೋ.

ಮುಂದಿನ ತಿಂಗಳು ಅಮ್ಮನ ಪರೀಕ್ಷೆಗಳಿವೆ: ರಕ್ತದ ಗುಂಪು, ಹೊಂದಾಣಿಕೆ, ಬಿ.ಪಿ., ಸಕ್ಕರೆ, ಅವಳ ಎರಡು ಕಿಡ್ನಿಗಳ ಲೆಕ್ಕ. ನಾನೂ ರಜೆ ಹಾಕಿದ್ದೇನೆ. ಅಮ್ಮನದ್ದು ಆಗದು ಅಂದರೆ ನನ್ನ ರಕ್ತವನ್ನೂ ನೋಡಿ ಅಂತ ಹೇಳುವವನಿದ್ದೇನೆ. ಹೇಳುವಾಗ ಗಂಟಲು ಹೊರಡುತ್ತದೋ ಇಲ್ಲವೋ, ಆವತ್ತೇ ಗೊತ್ತಾಗಬೇಕು. ಇಲ್ಲಿ ಬರೆದುಬಿಟ್ಟರೆ ಹಿಂದೆ ಸರಿಯುವುದು ಕಷ್ಟ ಅಂತ ಬರೆಯುತ್ತಿದ್ದೇನೆ.

ಮೊನ್ನೆ ಊರಿಗೆ ಹೋಗಿದ್ದೆ. ಜಗಲಿಯಲ್ಲಿ ಮಾತಾಡುತ್ತಾ ಕೂತಿದ್ದಾಗ ಎಂಟಕ್ಕೆ ಚೆಂಡೆ ಬಡಿಯಿತು. ಮಾವ ಜೇಬಿಗೆ ಕೈ ಹಾಕಿದರು. ಅಮ್ಮ ಎದ್ದು ಒಳಗಿನಿಂದ ನೀರು ತಂದಳು.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಕಿಡ್ನಿ ಕೊಟ್ಟವರು ಇದ್ದರೆ, ಮುಖ್ಯವಾಗಿ ಐವತ್ತು ದಾಟಿದ ಮೇಲೆ ಕೊಟ್ಟವರು, ಅವರು ಆಮೇಲೆ ಹೇಗಿದ್ದಾರೆ ಅಂತ ನಾಲ್ಕು ಸಾಲು ಬರೆಯಿರಿ. ಪುಸ್ತಕದಲ್ಲಿರುವುದನ್ನು ಓದಿಯಾಯಿತು. ಅಮ್ಮನಿಗೆ ಓದಿ ಹೇಳುವುದಕ್ಕೆ ಮನುಷ್ಯರ ಮಾತು ಬೇಕು.